ರೈಮ್ ಅಂದರೇನು? ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಬರೆದು ನೋಡಿ

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಇಂಗ್ಲಿಷ್ ಪದ್ಯ ಓದುವವರೆಲ್ಲ ರೈಮ್ ಅನ್ನುವ ಪದ ಕೇಳಿರುತ್ತಾರೆ. ಸಾಲಿನ ಕೊನೆ ಒಂದೇ ಥರ ಇದ್ದರೆ ರೈಮ್ ಅಂತ ಸುಮ್ನೆ ಬಾಯಿಪಾಠ ಮಾಡಿಬಿಡುತ್ತಾರೆ. ಅಷ್ಟು ಸಾಲದು. ಒತ್ತಿ ಹೇಳುವ ಕೊನೆಯ ಸ್ವರದಿಂದ ಹಿಡಿದು ಪದ ಮುಗಿಯುವವರೆಗೆ ಸದ್ದು ಒಂದೇ ಆಗಿರಬೇಕು. ಆ ಸ್ವರದ ಹಿಂದಿನ ವ್ಯಂಜನ ಬೇರೆ ಇರಬೇಕು. ನೇಷನ್, ಸ್ಟೇಷನ್ ರೈಮ್ ಆಗುತ್ತವೆ. ನೇಷನ್, ಫ್ಯಾಷನ್ ಆಗುವುದಿಲ್ಲ. ಕೊನೆಯ ‘ಷನ್’ ಒಂದೇ ಆದರೂ ಒತ್ತು ಬೀಳುವ ಸ್ವರ ಬೇರೆ, ಅಲ್ವಾ?

ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸ ಇರುತ್ತಿದ್ದದ್ದು ಸಾಲಿನ ಶುರುವಿನಲ್ಲಿ. ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಅದೇ ವ್ಯಂಜನ ಬರಬೇಕಿತ್ತು. ಉದಾಹರಣೆಗೆ ನಾನೇ ಕಟ್ಟಿದ ಎರಡು ಸಾಲು:

ಕಬ್ಬಿನ ಗದ್ದೆಯ ನಡುವಲಿ ನಾಲೆ,
ಹಬ್ಬದ ದಿನವೂ ಹರಿವುದು ನೀರು.

ಕಬ್ಬು, ಹಬ್ಬ ಎರಡರಲ್ಲೂ ‘ಬ್ಬ’ ಇದೆ. ಇದು ಆದಿಪ್ರಾಸ. ಈಗ ಎರಡನೆಯ ಸಾಲು ಬದಲಿಸೋಣ:

ಕಬ್ಬಿನ ಗದ್ದೆಯ ನಡುವಲಿ ನಾಲೆ,
ದಾಟಿದ ಕೂಡಲೆ ಬೆಲ್ಲದ ಆಲೆ.

ನಾಲೆ, ಆಲೆ. ಪ್ರಾಸ ಕೊನೆಗೆ ಬಂತು. ಇಂಗ್ಲಿಷಿನ ರೈಮ್ ಹೆಚ್ಚಾಗಿ ಕೂರುವ ಜಾಗ ಇದೇ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ತಂದಾಗ ಆದಿಪ್ರಾಸದ ಕಟ್ಟಳೆಯನ್ನು ಸಡಿಲಿಸಿದರು, ಕೊನೆಯ ಪ್ರಾಸಕ್ಕೂ ಜಾಗ ಮಾಡಿಕೊಟ್ಟರು. ಇಂಗ್ಲಿಷ್ ಪಾಠದ ಕೋಣೆಯಿಂದ ಹೊಸ ಕನ್ನಡ ಪದ್ಯದ ದಾರಿ ತೆರೆಯಿತು ಅನ್ನುವುದು ಈ ಊರಿಗೆ ದೊಡ್ಡ ಹೆಮ್ಮೆಯ ವಿಷಯ.

ವಿದ್ಯಾರ್ಥಿಗಳು ಜಾಸ್ತಿ ಎಡವುವುದು ಸ್ಪೆಲ್ಲಿಂಗ್ ನೋಡಿ. ಕೆಮ್ಮಿಗೆ ಹೇಳುವ ಕಾಫ್, ನಾದಿದ ಹಿಟ್ಟಿಗೆ ಹೇಳುವ ಡೋ, ಎರಡೂ ಮುಗಿಯುವುದು ಒ, ಯು, ಜಿ, ಎಚ್ ಎಂದೇ. ಪುಸ್ತಕದಲ್ಲಿ ನೋಡಿದರೆ ಜೋಡಿಯಂತೆ ಕಾಣುತ್ತವೆ. ಕನ್ನಡ ಅಕ್ಷರದಲ್ಲಿ ಬರೆದರೆ ಗುಟ್ಟು ಬಯಲು. ವೈಟ್, ಹೈಟ್ ಇದಕ್ಕೆ ತಿರುಗುಮುರುಗು: ಸ್ಪೆಲ್ಲಿಂಗ್ ಬೇರೆ, ಸದ್ದು ಒಂದೇ, ಒಳ್ಳೆಯ ರೈಮ್. ಪದದ ಶುರುವಿನ ವ್ಯಂಜನ ಮರುಕಳಿಸುವ ಅಲಿಟರೇಷನ್‌ಗೂ ಇದೇ ಪರೀಕ್ಷೆ ಸಾಕು. ಫೋನ್, ಫೈರ್ ಸೇರುತ್ತವೆ. ಸಿಟಿ, ಕ್ಯಾಟ್ ಎರಡೂ ಸಿ ಅಕ್ಷರದಿಂದ ಶುರುವಾದರೂ ಸೇರುವುದಿಲ್ಲ.

ಒಂದು ಎಚ್ಚರಿಕೆ. ಲವ್, ಪ್ರೂವ್ ಇವತ್ತು ರೈಮ್ ಆಗುವುದಿಲ್ಲ. ಆದರೆ ಶೇಕ್ಸ್‌ಪಿಯರ್ ಕಾಲದ ಪದ್ಯದಲ್ಲಿ ಇವು ಜೋಡಿಯಾಗಿ ಬಂದರೆ ತಪ್ಪು ಅಂತ ಗೀಟು ಹಾಕಬೇಡಿ. ಆಗಿನ ಉಚ್ಚಾರಣೆ ಬೇರೆ ಇತ್ತು.

ಕನ್ನಡ ಲಿಪಿ ತೋರಿಸಲಾರದ್ದು ಒತ್ತನ್ನು. ನಾವು ‘ಹೋಟೆಲ್’ ಅನ್ನುವಾಗ ‘ಹೋ’ ಮೇಲೆ ಭಾರ ಹಾಕುತ್ತೇವೆ. ಇಂಗ್ಲಿಷಿನಲ್ಲಿ ಭಾರ ‘ಟೆಲ್’ ಮೇಲೆ. ನಮ್ಮ ಷಟ್ಪದಿ, ರಗಳೆಗಳು ಮಾತ್ರೆ ಎಣಿಸಿ ನಡೆಯುತ್ತವೆ. ಇಂಗ್ಲಿಷಿನ ಮೀಟರ್, ಅಂದರೆ ಅಲ್ಲಿನ ಛಂದಸ್ಸು, ನಡೆಯುವುದು ಒತ್ತಿನ ಮೇಲೆ. ಅದಕ್ಕೆ ನಿಘಂಟಿನ ಒತ್ತಿನ ಗುರುತು ನೋಡಿಕೊಂಡು ಜೋರಾಗಿ ಓದುವುದೇ ಒಳ್ಳೆಯದು.

ಇನ್ನು ಪರೀಕ್ಷೆಯಲ್ಲಿ ಬರೆಯುವ ವಿಷಯ. ಶೇಕ್ಸ್‌ಪಿಯರ್ ಸಾನೆಟ್‌ನ 14 ಸಾಲಿನ ಪ್ರಾಸವನ್ನು, ಪ್ರಾಸ ಕೂಡುವ ಸಾಲುಗಳಿಗೆ ಒಂದೇ ಅಕ್ಷರ ಕೊಟ್ಟು, ಎಬಿಎಬಿ, ಸಿಡಿಸಿಡಿ, ಇಎಫ್ಇಎಫ್, ಜಿಜಿ ಎಂದು ಗುರುತಿಸುತ್ತಾರೆ. ಅಷ್ಟು ಬರೆದು ಪೆನ್ನು ಕೆಳಗಿಟ್ಟರೆ ಉತ್ತರ ಅರ್ಧಕ್ಕೇ ನಿಂತಂತೆ. ಮೊದಲ 12 ಸಾಲಿನಲ್ಲಿ ಪ್ರಾಸ ಒಂದು ಸಾಲು ಬಿಟ್ಟು ಬರುತ್ತದೆ, ಕಿವಿ ಕಾಯುತ್ತದೆ. ಕೊನೆಯ ಎರಡು ಸಾಲಿನಲ್ಲಿ ಬೆನ್ನುಬೆನ್ನಿಗೇ ಬಂದುಬಿಡುತ್ತದೆ. ಅದರಿಂದಲೇ ಕವಿ ಅಲ್ಲಿ ಹೇಳುವ ಮಾತು ತೀರ್ಪು ಕೊಟ್ಟಷ್ಟು ಗಟ್ಟಿಯಾಗಿ ಕೇಳುತ್ತದೆ. ಉತ್ತರ ಪತ್ರಿಕೆಯಲ್ಲಿ ಈ ಮಾತೂ ಇರಲಿ.