ಮೇಲಿನಿಂದ ಹಸಿರು, ಕೆಳಗೆ ಸಸಿಯೇ ಇಲ್ಲ

ನಗರದೊಳಗಿನ ಕಾಡಿನ ಬಗ್ಗೆ ಎಲ್ಲರೂ ಮೊದಲು ಕೇಳುವುದು ಎಷ್ಟು ಗಿಡ ನೆಟ್ಟಿರಿ ಎಂದು. ನಿರ್ವಹಣೆಗೆ ಬೇಕಾದ ಲೆಕ್ಕ ಬೇರೆ. ಐದು ವರ್ಷಗಳ ಹಿಂದೆ ಅಳೆದಿದ್ದ ಅದೇ ಮರ ಈಗ ಹೇಗಿದೆ?

ಸೆಂಟಿನೆಲ್-2 ಉಪಗ್ರಹಗಳು 10 ಮೀಟರ್ ವಿವರದ (ಒಂದು ಚುಕ್ಕೆ ಎಂದರೆ ನೆಲದ ಮೇಲೆ 10 ಮೀಟರ್ ಅಗಲ) ಚಿತ್ರಗಳನ್ನು ಕೆಲವೇ ದಿನಗಳಿಗೊಮ್ಮೆ ಉಚಿತವಾಗಿ ಒದಗಿಸುತ್ತವೆ. ಮರಗಳ ಹೊದಿಕೆ ಎಲ್ಲಿ ಕರಗುತ್ತಿದೆ ಎಂದು ಹುಡುಕಲು ಅವು ಬಹಳ ಉಪಯುಕ್ತ. ಆದರೆ ಸಾಯುತ್ತಿರುವ ಮರವನ್ನು ಆವರಿಸಿದ ಬಳ್ಳಿಯೂ ಹಸಿರೇ, ಲಂಟಾನದ ಪೊದೆಯೂ ಹಸಿರೇ. ಆ ಪೊದೆಯ ಕೆಳಗೆ ಒಂದು ಸಸಿಯೂ ಮೇಲೇಳದಿದ್ದರೆ, ಕಾಡು ಮುದಿಯಾಗುತ್ತಿದೆ, ಅದರ ಮುಂದಿನ ಪೀಳಿಗೆ ಇಲ್ಲ ಎಂದೇ ಅರ್ಥ. ಇದನ್ನು ತಿಳಿಯಲು ಒಳಗೆ ನಡೆದೇ ಹೋಗಬೇಕು.

ಅದಕ್ಕಾಗಿ ಶಾಶ್ವತ ಮಾದರಿ ತಾಕುಗಳನ್ನು, ಅಂದರೆ ಮತ್ತೆ ಮತ್ತೆ ಬಂದು ಅಳೆಯುವ ಜಾಗಗಳನ್ನು, ಗುರುತಿಸುತ್ತೇವೆ. ಸಾಮಾನ್ಯವಾಗಿ ಒಂದೊಂದೂ 0.04 ಹೆಕ್ಟೇರ್, ಅಂದರೆ ಸುಮಾರು 11.3 ಮೀಟರ್ ತ್ರಿಜ್ಯದ ವೃತ್ತ. ಕಾಂಡದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಪ್ರತಿ ಸಲವೂ ಅದೇ ಗುರುತಿನ ಮೇಲೆ ಅಳೆಯಬೇಕು. ಸಸಿಗಳನ್ನು ಜಾತಿವಾರು ಎಣಿಸಬೇಕು. ನಾನು ಹೆಚ್ಚು ಹೊತ್ತು ನೋಡುವುದು ಮಾತ್ರ ಮರದ ನೆತ್ತಿಯನ್ನು. ತುದಿಯ ರೆಂಬೆಗಳು ಒಣಗುತ್ತಿದ್ದರೆ ತೊಂದರೆ ಬಹಳ ಸಲ ಬೇರಿನಲ್ಲಿರುತ್ತದೆ. ನಗರದ ಕಾಡಿನಲ್ಲಿ ಅದರ ಒಂದು ದೊಡ್ಡ ಕಾರಣ ಕಾಲ್ತುಳಿತ. ಹೀರುಬೇರುಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನಲ್ಲೇ ಇರುತ್ತವೆ. ಮಣ್ಣು ಗಟ್ಟಿಯಾದರೆ ಅವುಗಳಿಗೆ ಗಾಳಿಯೂ ಸಿಗದು, ನೀರೂ ಇಳಿಯದು. ಅಂಥ ಮರಕ್ಕೆ ಗೊಬ್ಬರ ಸುರಿದು ಫಲವಿಲ್ಲ. ಕಾಲುದಾರಿಯನ್ನು ಬೇರೆಡೆ ತಿರುಗಿಸಬೇಕು, ತರಗೆಲೆಯನ್ನು ಗುಡಿಸದೆ ಬಿಡಬೇಕು. ಸ್ವಚ್ಛತೆಯ ಹೆಸರಿನಲ್ಲಿ ಕಾಡಿನ ನೆಲವನ್ನು ಗುಡಿಸುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಬುಡದಲ್ಲಿ ಗ್ಯಾನೋಡರ್ಮಾ ಅಣಬೆ ಕಂಡರೆ ಒಳಗೆ ಕೊಳೆತ ಶುರುವಾಗಿದೆ ಎಂದು ತಿಳಿಯಬೇಕು. ಮರ ದಾರಿಯ ಪಕ್ಕದಲ್ಲಿದ್ದರೆ ಕೂಡಲೇ ವಿವರವಾದ ತಪಾಸಣೆ ಆಗಬೇಕು. ಜನ ಓಡಾಡದ ಒಳಭಾಗದಲ್ಲಿದ್ದರೆ ಸತ್ತ ಮೇಲೂ ಅದು ನಿಂತಿರಲಿ. ಪೊಟರೆ ಬೇಕಾದ ಹಕ್ಕಿಗಳು ಅಲ್ಲಿ ನೆಲೆಸುತ್ತವೆ.

ಮತ್ತೆ ಮತ್ತೆ ಅಳೆಯುವುದು ಏಕೆ ಎಂದು ಕೇಳುವವರಿಗೆ ಉತ್ತರ ಅಮೆರಿಕದ ಆಶ್ ಮರಗಳ ಕಥೆ ಹೇಳುತ್ತೇನೆ. ಅವನ್ನು ಕೊಲ್ಲುವ, ಏಷ್ಯಾ ಮೂಲದ ಪಚ್ಚೆ ಬಣ್ಣದ ಕೊರೆಹುಳುವಿನ ದುಂಬಿ ಅಲ್ಲಿ ಪತ್ತೆಯಾದದ್ದು 2002ರಲ್ಲಿ, ಡೆಟ್ರಾಯಿಟ್ ನಗರದ ಬಳಿ. ಅದಕ್ಕೂ ಹಲವು ವರ್ಷ ಮೊದಲೇ ಅದು ಮರಗಳನ್ನು ಕೊಲ್ಲುತ್ತಿತ್ತು ಎಂಬುದು ಕಾಂಡದಲ್ಲಿ ವರ್ಷಕ್ಕೊಂದರಂತೆ ಮೂಡುವ ಉಂಗುರಗಳ ಅಧ್ಯಯನದಿಂದ ಆಮೇಲೆ ಗೊತ್ತಾಯಿತು. ಈವರೆಗೆ ಅದು ಕೋಟಿಗಟ್ಟಲೆ ಮರಗಳನ್ನು ಕೊಂದಿದೆ.

ಹಾಗಾಗಿ ಮೊದಲ ಸಮೀಕ್ಷೆಗೆ ಹಣ ಮಂಜೂರಾಗುವಾಗಲೇ ಎರಡನೆಯದಕ್ಕೂ ಹಣ ತೆಗೆದಿರಿಸಿ ಎಂದು ಒತ್ತಾಯಿಸುತ್ತೇನೆ. ಮರು ಅಳತೆ ಅದೇ ಋತುವಿನಲ್ಲಿ, ಎಲೆ ಪೂರ್ತಿ ತುಂಬಿರುವಾಗ ನಡೆಯಬೇಕು. ಎಲೆ ಉದುರಿಸಿ ನಿಂತ ಮರದಲ್ಲಿ ಒಣರೆಂಬೆ ಯಾವುದು, ಜೀವಂತ ರೆಂಬೆ ಯಾವುದು ಎಂದು ಕೆಳಗಿನಿಂದ ಹೇಳುವುದು ಕಷ್ಟ.