ಸತ್ತವರ ಖಾತೆ, ಇಲ್ಲದ ಮ್ಯಾನೇಜರ್: ಒಂದು ಹಳೇ ಮೋಸದ ಕಥೆ

ಇಂಥ ಇಮೇಲ್ ನಿಮಗೂ ಬಂದಿರಬಹುದು. ಕಳಿಸಿದವರು ಯಾವುದೋ ವಿದೇಶಿ ಬ್ಯಾಂಕಿನ 'ಆಡಿಟ್ ಮ್ಯಾನೇಜರ್'. ಗ್ರಾಹಕನೊಬ್ಬ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದಾನೆ. ವಾರಸುದಾರರಿಲ್ಲ. ಖಾತೆಯಲ್ಲಿ ಹತ್ತಾರು ಮಿಲಿಯನ್ ಡಾಲರ್ ಕೊಳೆಯುತ್ತಿದೆ. ನೀವು ಅವನ ಸಂಬಂಧಿ ಅಂತ ಹೇಳಿಕೊಂಡರೆ ಸಾಕು, ಆಮೇಲೆ ಹಂಚಿಕೊಳ್ಳೋಣ. 2000ದಲ್ಲಿ ಪ್ಯಾರಿಸ್ ಬಳಿ ಕಾಂಕಾರ್ಡ್ ವಿಮಾನ ಬಿದ್ದ ಮೇಲೆ ಕೆಲವು ಪತ್ರಗಳಲ್ಲಿ ಆ ದುರಂತದ ಸುದ್ದಿಯ ಲಿಂಕೂ ಇರುತ್ತಿತ್ತು. ಸುದ್ದಿ ನಿಜ, ಉಳಿದದ್ದೆಲ್ಲ ಬೊಗಳೆ.

ಈ ಆಟ ಇಮೇಲಿಗಿಂತ ತುಂಬಾ ಹಳೆಯದು. ಫ್ರೆಂಚ್ ಕ್ರಾಂತಿಯ ನಂತರ ಜೈಲಿನಲ್ಲಿದ್ದವರು ಶ್ರೀಮಂತರಿಗೆ ಪತ್ರ ಬರೆಯುತ್ತಿದ್ದರು: ನನ್ನ ಯಜಮಾನರು ಓಡಿಹೋಗುವಾಗ ಒಡವೆ ಪೆಟ್ಟಿಗೆ ಬಚ್ಚಿಟ್ಟಿದ್ದಾರೆ, ಖರ್ಚಿಗೆ ಕಳಿಸಿ, ಜಾಗ ತೋರಿಸುತ್ತೇನೆ. ಕಳ್ಳನಾಗಿದ್ದು ಪೊಲೀಸ್ ಆದ ವಿಡೋಕ್ ಹೇಳುವಂತೆ, ನೂರು ಪತ್ರಕ್ಕೆ ಇಪ್ಪತ್ತು ಉತ್ತರ ಬರುತ್ತಿದ್ದವಂತೆ. 19ನೇ ಶತಮಾನದ ಕೊನೆಗೆ ಇದೇ ಕಥೆ 'ಸ್ಪ್ಯಾನಿಷ್ ಕೈದಿ'ಯ ಹೆಸರಲ್ಲಿ ಓಡಾಡಿತು: ಸ್ಪೇನಿನ ಜೈಲಿನಲ್ಲಿರುವ ಶ್ರೀಮಂತನನ್ನು ಬಿಡಿಸಲು ಹಣ ಕಳಿಸಿ, ಆಮೇಲೆ ಅವನ ಆಸ್ತಿಯಲ್ಲಿ ಪಾಲು. 1898ರಲ್ಲೇ ನ್ಯೂಯಾರ್ಕ್ ಟೈಮ್ಸ್ ಇದನ್ನು ಹಳೇ ಮೋಸ ಅಂತ ಬರೆದಿತ್ತು.

1980ರ ದಶಕದಲ್ಲಿ ತೈಲ ಬೆಲೆ ಕುಸಿದು ನೈಜೀರಿಯಾದ ಆರ್ಥಿಕತೆ ನೆಲಕಚ್ಚಿತು. ಓದಿದವರಿಗೂ ಕೆಲಸವಿಲ್ಲ. ಕೈದಿಯ ಜಾಗಕ್ಕೆ ತೈಲ ಕಂಪನಿಯ ಅಧಿಕಾರಿ ಬಂದ, ಬ್ಯಾಂಕಿನವನೂ ಬಂದ. ಮೊದಲು ಅಂಚೆ, ಆಮೇಲೆ ಫ್ಯಾಕ್ಸ್. ಅಲ್ಲಿನ ಅಪರಾಧ ಸಂಹಿತೆಯಲ್ಲಿ ಇಂಥ ಮೋಸದ ಕಲಂ 419. ನಮ್ಮ ಹಳೇ ದಂಡ ಸಂಹಿತೆಯ 420ಕ್ಕೆ ಅಣ್ಣತಮ್ಮ ಅನ್ನಿ.

ಮೋಸ ಹೋಗುವವರು ದಡ್ಡರು ಅನ್ನುವವರು ಬ್ರೆಜಿಲ್‌ನ ಬ್ಯಾಂಕೋ ನೊರೊಯೆಸ್ಟೆ ಪ್ರಕರಣ ನೋಡಬೇಕು. ಇಮ್ಯಾನುಯೆಲ್ ನ್ವುಡೆ ಎಂಬಾತ ನೈಜೀರಿಯಾದ ಕೇಂದ್ರ ಬ್ಯಾಂಕಿನ ಗವರ್ನರ್ ಪಾಲ್ ಒಗ್ವುಮಾ ತಾನೇ ಎಂದು ನಂಬಿಸಿದ. ಅಬುಜಾದಲ್ಲಿ ಹೊಸ ವಿಮಾನ ನಿಲ್ದಾಣ ಕಟ್ಟುತ್ತೇವೆ, ಹಣ ಹಾಕಿದರೆ ಕಮಿಷನ್ 1 ಕೋಟಿ ಡಾಲರ್ ಅಂದ. ನಂಬಿದವನು ಬ್ಯಾಂಕಿನ ಅಂತರರಾಷ್ಟ್ರೀಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಹಿರಿಯ ಅಧಿಕಾರಿ! 1995ರಿಂದ 1998ರೊಳಗೆ ಸುಮಾರು 24.2 ಕೋಟಿ ಡಾಲರ್ ಹೋಯಿತು. ವಿಮಾನ ನಿಲ್ದಾಣ ಮಾತ್ರ ಎಲ್ಲೂ ಇರಲಿಲ್ಲ. 2005ರಲ್ಲಿ ನ್ವುಡೆಗೆ ಜೈಲು ಶಿಕ್ಷೆಯಾಯಿತು.

ಬ್ಯಾಂಕಿನವನ ವೇಷವೇ ಯಾಕೆ ಇಷ್ಟು ಬಾಳಿಕೆ ಬಂತು? ಕಾರಣ ಶುಲ್ಕ ಅಂತ ನನ್ನ ಲೆಕ್ಕ. ಕೈದಿ ದುಡ್ಡು ಕೇಳಿದರೆ ಅನುಮಾನ ಬರುತ್ತದೆ. ಬ್ಯಾಂಕು ಚಾರ್ಜ್ ಹಾಕಿದರೆ ಯಾರಿಗೂ ಆಶ್ಚರ್ಯವಿಲ್ಲ, ಅಲ್ವಾ? ವರ್ಗಾವಣೆ ಶುಲ್ಕ, ಸ್ಟ್ಯಾಂಪ್ ಡ್ಯೂಟಿ, ವಕೀಲರ ಫೀ. 2001ರ ನಂತರ 'ಈ ಹಣಕ್ಕೂ ಭಯೋತ್ಪಾದನೆಗೂ ಸಂಬಂಧವಿಲ್ಲ' ಎಂಬ ಪ್ರಮಾಣಪತ್ರಕ್ಕೂ ದುಡ್ಡು. ಅಷ್ಟು ಹಣ ಇದೆಯಲ್ಲ, ಅದರಲ್ಲೇ ಮುರಿದುಕೊಳ್ಳಿ ಅಂದರೆ ಅದಕ್ಕೂ ಉತ್ತರ ರೆಡಿ: ವರ್ಗಾವಣೆ ಮುಗಿಯುವ ತನಕ ಒಂದು ಸೆಂಟೂ ಮುಟ್ಟಲು ಕಾನೂನು ಬಿಡುವುದಿಲ್ಲ. ಇನ್ನು ಸುಳ್ಳು ವಾರಸುದಾರನಾಗಲು ಒಪ್ಪಿದವನು ಪೊಲೀಸರ ಹತ್ತಿರ ಏನಂತ ದೂರು ಕೊಡುತ್ತಾನೆ?

ಇಮೇಲ್ ಬಂದ ಮೇಲೆ ಅಂಚೆಚೀಟಿಯ ಖರ್ಚೂ ಉಳಿಯಿತು. ಕಳಿಸುವವರ ಹೆಸರಿನ ಜಾಗದಲ್ಲಿ 'ಗವರ್ನರ್' ಅಂತ ಬರೆದುಕೊಂಡರೆ ತಡೆಯುವವರಿಲ್ಲ. ಮೇಲ್ ನಿಜಕ್ಕೂ ಆ ವಿಳಾಸದಿಂದಲೇ ಬಂತೇ ಅಂತ ಪರೀಕ್ಷಿಸುವ, 2012ರಲ್ಲಿ ಬಂದ ಡಿಮಾರ್ಕ್ ವ್ಯವಸ್ಥೆ ಬ್ಯಾಂಕಿನ ಡೊಮೈನ್ (ವಿಳಾಸದಲ್ಲಿ @ ನಂತರದ ಭಾಗ) ಹಾಕಿಕೊಂಡು ಮೇಲ್ ಕಳಿಸುವುದನ್ನು ಕಷ್ಟ ಮಾಡಿದೆ. ಆದರೆ ಪುಕ್ಕಟೆ ಮೇಲ್ ವಿಳಾಸದ ಮುಂದೆ ದೊಡ್ಡ ಹುದ್ದೆ ಹಾಕಿಕೊಂಡರೆ ಅದು ಏನೂ ಮಾಡುವುದಿಲ್ಲ. ಫೋನಿನಲ್ಲಿ ಹೆಚ್ಚಾಗಿ ಕಾಣುವುದು ಹೆಸರು ಮಾತ್ರ.

ಪತ್ರ ಅಷ್ಟು ಪೆದ್ದಾಗಿ ಯಾಕಿರುತ್ತದೆ? ಮೈಕ್ರೋಸಾಫ್ಟ್ ಸಂಶೋಧಕ ಕಾರ್ಮಾಕ್ ಹರ್ಲಿ 2012ರಲ್ಲಿ ಒಂದು ವಾದ ಮುಂದಿಟ್ಟರು. ಓದಿ ನಗುವವರು ಮೊದಲೇ ಹೊರಗೆ ಹೋಗಲಿ ಅಂತಲೇ ಹಾಗೆ ಬರೆಯುತ್ತಾರೆ. ಉತ್ತರ ಕೊಡುವ ಕೆಲವರ ಮೇಲಷ್ಟೇ ಸಮಯ ಹಾಕಿದರೆ ಸಾಕು.

ಒಮ್ಮೆ ದುಡ್ಡು ಕೊಟ್ಟವರನ್ನು ಸುಮ್ನೆ ಬಿಡುವುದೂ ಇಲ್ಲ. 'ನಿಮಗಾದ ನಷ್ಟಕ್ಕೆ ಪರಿಹಾರ ಮಂಜೂರಾಗಿದೆ' ಅಂತ ಇನ್ನೊಬ್ಬ ಅಧಿಕಾರಿಯ ಪತ್ರ ಬರುತ್ತದೆ, ಅದಕ್ಕೂ ಶುಲ್ಕ. 2017ರಲ್ಲಿ ಹಣ ರವಾನಿಸುವ ಕಂಪನಿ ವೆಸ್ಟರ್ನ್ ಯೂನಿಯನ್ ತನ್ನ ಮೂಲಕ ನಡೆದ ವಂಚನೆಗಳ ಪ್ರಕರಣದಲ್ಲಿ ಅಮೆರಿಕದಲ್ಲಿ 58.6 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಮೋಸ ಹೋದವರಿಗೆ ಅದರಿಂದ ಹಣ ವಾಪಸ್ ಕೊಡುವಾಗ, ಅರ್ಜಿಗೆ ಯಾರೂ ಶುಲ್ಕ ಕಟ್ಟಬೇಕಾಗಿಲ್ಲ ಅಂತ ಅಲ್ಲಿನ ವ್ಯಾಪಾರ ಆಯೋಗ ಬೇರೆಯಾಗಿಯೇ ಹೇಳಬೇಕಾಯಿತು.