ಮಚ್ಚೆಯೋ, ಮೆಲನೋಮಾವೋ: ಬಣ್ಣ ಹಿಡಿಸಿ ನೋಡುವ ಪರೀಕ್ಷೆಗಳು ಬಂದ ದಾರಿ

ಬಯಾಪ್ಸಿ ರಿಪೋರ್ಟಿನಲ್ಲಿ 'ಎಸ್-100 ಪಾಸಿಟಿವ್' ಎಂದು ಕಂಡರೆ ಸಾಕು, ಮನೆಮಂದಿ ಮೆಲನೋಮಾ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರೇ ಎಂದು ಕಂಗಾಲಾಗುತ್ತಾರೆ. ಆದರೆ ಎಸ್-100 ಎಂಬ ಪ್ರೋಟೀನಿನ ಈ ಪರೀಕ್ಷೆಗೆ ನಿರಪಾಯದ ಮಚ್ಚೆಯೂ ಪಾಸಿಟಿವ್ವೇ.

ಗೊಂದಲ ಹಳೆಯದು. ಮೆಲನೋಮಾದಂತೆಯೇ ತೋರಿದರೂ ಮಕ್ಕಳ ಪ್ರಾಣಕ್ಕೆ ಸಾಮಾನ್ಯವಾಗಿ ಎರವಾಗದ ಗಂಟುಗಳನ್ನು 1948ರಲ್ಲಿ ಸೋಫಿ ಸ್ಪಿಟ್ಜ್ ವಿವರಿಸಿದರು. ಆಮೇಲಿನ ಮೂರು ದಶಕ ಗುಲಾಬಿ-ನೇರಳೆಯ ಮಾಮೂಲಿ ಸ್ಲೈಡೇ ಗತಿ. 1980ರ ದಶಕದ ಆರಂಭದಲ್ಲಿ ಬಂದ ಎಸ್-100, ಕೋಶ ಯಾವ ಕುಲದ್ದೆಂದು ಹೇಳಲು ನೆರವಾಯಿತೇ ಹೊರತು ಅದು ಕೆಟ್ಟದ್ದೋ ಅಲ್ಲವೋ ಎಂಬುದನ್ನಲ್ಲ.

ನೋಡುವ ಬಗೆ ಬದಲಾದದ್ದು 1986ರಲ್ಲಿ ವರದಿಯಾದ ಎಚ್‌ಎಂಬಿ-45 ಪ್ರತಿಕಾಯದಿಂದ (ಕೋಶದ ನಿರ್ದಿಷ್ಟ ಪ್ರೋಟೀನಿಗೆ ಅಂಟಿ, ಅದಿರುವ ಜಾಗವನ್ನು ಬಣ್ಣದಲ್ಲಿ ತೋರಿಸುವ ವಸ್ತು). ಇಲ್ಲಿ ಬಣ್ಣ ಹಿಡಿಯಿತೇ ಎನ್ನುವುದಕ್ಕಿಂತ ಎಲ್ಲಿ ಹಿಡಿಯಿತು ಎನ್ನುವುದು ಮುಖ್ಯ. ಸಾಮಾನ್ಯ ಮಚ್ಚೆಯ ಕೋಶಗಳು ಚರ್ಮದ ಆಳಕ್ಕೆ ಇಳಿದಂತೆಲ್ಲ ಚಿಕ್ಕವಾಗಿ, ಚರ್ಮದ ಸಹಜ ಬಣ್ಣವಾದ ಮೆಲನಿನ್ ತಯಾರಿಕೆಯನ್ನು ಕೈಬಿಡುತ್ತವೆ. ಹಾಗಾಗಿ ಪ್ರತಿಕಾಯದ ಬಣ್ಣ ಮೇಲೆ ಗಾಢ, ಕೆಳಗೆ ಖಾಲಿ. ಮೆಲನೋಮಾದಲ್ಲಿ ತಳದವರೆಗೂ ತೇಪೆ ತೇಪೆ. ಕೋಶ ವಿಭಜನೆ ತೋರಿಸುವ ಕೆಐ-67ನ್ನೂ ಹೀಗೆಯೇ ಮೇಲಿನಿಂದ ಕೆಳಕ್ಕೆ ಓದಬೇಕು. ಅಪವಾದಗಳೂ ಇವೆ: ನಿರಪಾಯದ ನೀಲಿ ಮಚ್ಚೆ ಅಡಿಯವರೆಗೂ ಎಚ್‌ಎಂಬಿ-45 ಹಿಡಿಯುತ್ತದೆ, ನಾರುನಾರಾದ ಡೆಸ್ಮೋಪ್ಲಾಸ್ಟಿಕ್ ಮೆಲನೋಮಾ ಹೆಚ್ಚಾಗಿ ಹಿಡಿಯುವುದೇ ಇಲ್ಲ. ಮಚ್ಚೆಯ ಮೇಲ್ಪದರವನ್ನಷ್ಟೇ ಕೆರೆದು ಕಳಿಸಿದರೆ ಓದಲು ತಳವೇ ಇರುವುದಿಲ್ಲ. ಎಷ್ಟೇ ಹೊಸ ಪ್ರತಿಕಾಯ ತಂದರೂ ಆ ಕೊರತೆ ತುಂಬದು. ಪೂರ್ತಿ ಮಚ್ಚೆಯನ್ನೇ ಕೇಳಿ ಪಡೆಯುವ, ಸ್ಲೈಡು ಓದುವ ವೈದ್ಯರಾದ ಪೆಥಾಲಜಿಸ್ಟರ ಹಟ ನ್ಯಾಯವಾದದ್ದು.

2003ರ ಹೊತ್ತಿಗೆ ಬಿಆರ್‌ಎಎಫ್ ಜೀನಿನ ಬದಲಾವಣೆ ಸಾಧಾರಣ ಮಚ್ಚೆಗಳಲ್ಲೂ ಹೇರಳವಾಗಿದೆ ಎಂದು ಗೊತ್ತಾಗಿ, ಜೀನ್ ನೋಡಿ ಮೆಲನೋಮಾವನ್ನು ಬೇರ್ಪಡಿಸುವ ಆಸೆಯೂ ಕಮರಿತು. 2017ರಲ್ಲಿ ಅಮೆರಿಕದ 187 ಪೆಥಾಲಜಿಸ್ಟರು ಸ್ಲೈಡುಗಳನ್ನು ಓದಿದ ಅಧ್ಯಯನ ಪ್ರಕಟವಾಯಿತು. ತೀರ ನಿರಪಾಯದ್ದು, ಮುಂದುವರಿದ ಮೆಲನೋಮಾ ಎಂಬ ಎರಡು ತುದಿಗಳಲ್ಲಿ ಬಹುಮಟ್ಟಿಗೆ ಒಮ್ಮತವಿತ್ತು. ನಡುವಿನ ಅನುಮಾನದ ಮಚ್ಚೆಗಳಲ್ಲಿ ತೀರ್ಪುಗಳು ಚೆಲ್ಲಾಪಿಲ್ಲಿ.

ಮರುವರ್ಷ ಬಂದದ್ದು ಪ್ರೇಮ್ (PRAME) ಎಂಬ ಪ್ರತಿಕಾಯದ ಫಲಿತಾಂಶ. ಬೇರೆಡೆಯಿಂದ ಹರಡಿ ಬಂದದ್ದಲ್ಲದ, ಹುಟ್ಟಿದ ಜಾಗದ್ದೇ ಆದ (ಪ್ರೈಮರಿ) ಮೆಲನೋಮಾಗಳಲ್ಲಿ ಶೇ. 83.2ರಷ್ಟರಲ್ಲಿ ಕೋಶಕೇಂದ್ರಗಳು ವ್ಯಾಪಕವಾಗಿ ಬಣ್ಣ ಹಿಡಿದವು. 140 ಮಚ್ಚೆಗಳಲ್ಲಿ ಶೇ. 86.4ರಷ್ಟು ಒಂದಿಷ್ಟೂ ಹಿಡಿಯಲಿಲ್ಲ. ದೊಡ್ಡ ನೆರವು, ನಿಜ. ಆದರೆ ಉಳಿದ ಮಚ್ಚೆಗಳ ಹಿಂದೆಯೂ ಒಬ್ಬೊಬ್ಬ ಮನುಷ್ಯರಿದ್ದಾರೆ. ಡೆಸ್ಮೋಪ್ಲಾಸ್ಟಿಕ್ ಬಗೆ ಇಲ್ಲೂ ಹಲವು ಸಲ ಕೈಕೊಡುತ್ತದೆ.

ನಮ್ಮಂಥ ಕಂದು ಚರ್ಮದವರಿಗೆ ಇನ್ನೊಂದು ತೊಡಕಿದೆ. ನಮ್ಮಲ್ಲಿ ಮೆಲನೋಮಾ ಅಂಗಾಲಿನಂಥ ಜಾಗದಲ್ಲಿ ಕಾಣುವುದು ಸಾಮಾನ್ಯ. ಗಂಟಿನಲ್ಲಿ ಮೆಲನಿನ್ ದಟ್ಟವಾಗಿದ್ದರೆ ಪರೀಕ್ಷೆಯ ಕಂದು ಯಾವುದು, ಕೋಶದ ಕಂದು ಯಾವುದು ಎಂದು ತಿಳಿಯುವುದೇ ಕಷ್ಟ. ಆಗ ಮೆಲನಿನ್ ತೆಗೆದೋ, ಕಂದಿನ ಬದಲು ಕೆಂಪು ಬಣ್ಣ ಬಳಸಿಯೋ ಸ್ಲೈಡನ್ನು ಇನ್ನೊಮ್ಮೆ ಮಾಡಬೇಕಾಗುತ್ತದೆ. ರಿಪೋರ್ಟು ತಡವಾಯಿತೆಂದರೆ ಕಾರಣ ಅದೂ ಇರಬಹುದು.